ಕೆಂಪು ಚೀಟಿ ಕಟ್ಟುವ ಮುಂಚೆ

ಇಂದಿರಾನಗರದ ನೂರಡಿ ರಸ್ತೆಯಲ್ಲಿದ್ದ ಆ ಬ್ಯಾಂಕಿನ ಕಾರ್ಡು ಕಚೇರಿಯಲ್ಲಿ ಚಲುವಯ್ಯನವರಷ್ಟು ನಿಧಾನದ ಮನುಷ್ಯ ಇನ್ನೊಬ್ಬರಿರಲಿಲ್ಲ. ಉಳಿದವರು ದಿನಕ್ಕೆ ನಲವತ್ತು ತಕರಾರು ಮುಗಿಸಿದರೆ ಇವರದು ಹದಿನೈದು ದಾಟುತ್ತಿರಲಿಲ್ಲ. ಮ್ಯಾನೇಜರ್ ಭಾರ್ಗವನಿಗೆ ಇಪ್ಪತ್ತಾರು ವರ್ಷ, ಇವರಿಗೆ ಐವತ್ಮೂರು. ಬೈಯುವುದಕ್ಕೆ ಅವನಿಗೆ ಬಾಯಿ ಬರುತ್ತಿರಲಿಲ್ಲ, ಬಿಡುವುದಕ್ಕೆ ಮನಸ್ಸಾಗುತ್ತಿರಲಿಲ್ಲ. “ಅಂಕಲ್, ಸ್ವಲ್ಪ ಸ್ಪೀಡಾಗಿ ಕ್ಲೋಸ್ ಮಾಡಿ,” ಎಂದು ದಿನಕ್ಕೊಂದು ಸಲ ಹೇಳಿ ತನ್ನ ಗಾಜಿನ ಕೋಣೆಗೆ ಹೋಗಿ ಕೂರುತ್ತಿದ್ದ. ಚಲುವಯ್ಯನವರು “ಆಯ್ತು ಸಾರ್” ಎಂದು ಅಷ್ಟೇ ಮರ್ಯಾದೆಯಿಂದ ಹೇಳಿ, ಅಷ್ಟೇ ನಿಧಾನವಾಗಿ ಮುಂದಿನ ಫೈಲು ಬಿಚ್ಚುತ್ತಿದ್ದರು.

ಕೆಲಸ ಇಷ್ಟೇ. ಕಾರ್ಡು ಇಟ್ಟುಕೊಂಡವರು ತಿಂಗಳ ಬಿಲ್ಲು ನೋಡಿ “ಈ ಖರ್ಚು ನಂದಲ್ಲ” ಎಂದು ಬರೆದು ಕಳಿಸುತ್ತಾರೆ. ಬ್ಯಾಂಕು ಆ ದುಡ್ಡನ್ನು ವಸೂಲಿ ಮಾಡಿಕೊಂಡವರಿಂದ ವಾಪಸು ಎಳೆಯುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಅತ್ತ ಕಡೆಯವರು ಸುಮ್ಮನಿದ್ದರೆ ಅಲ್ಲಿಗೆ ಮುಗಿಯಿತು. “ನಿಮ್ಮವರೇ ಮಾಡಿದ್ದು, ನೋಡಿ” ಎಂದು ಕಾಗದಪತ್ರ ಕಳಿಸಿದರೆ ಯಾರ ಮಾತು ನಿಜವೆಂದು ಕೂತು ನೋಡಬೇಕು. ಎರಡು ಸಾವಿರದ ನಾಲ್ಕರ ಆ ವರ್ಷ ಹಾಗೆ ಬರುತ್ತಿದ್ದವುಗಳಲ್ಲಿ ಮುಕ್ಕಾಲು ಪಾಲು ಜೂಜಿನ ವೆಬ್‌ಸೈಟುಗಳವೇ. ಗೆಲ್ಲುವಷ್ಟು ದಿನ ಆಟ ತಮ್ಮದು, ಸೋತ ತಿಂಗಳು ಮಾತ್ರ ಯಾರೋ ಕಳ್ಳ ಕಾರ್ಡಿನ ನಂಬರು ಕದ್ದಿರುತ್ತಿದ್ದ. ಮಾನಸ್ಥರೆಲ್ಲ ದಪ್ಪ ಅಕ್ಷರದಲ್ಲಿ ಸಹಿ ಹಾಕಿ ಕಳಿಸುತ್ತಿದ್ದ ಈ ಸುಳ್ಳುಗಳನ್ನು ಓದಿ ಓದಿ ಚಲುವಯ್ಯನವರಿಗೆ ಮನುಷ್ಯರ ಮೇಲೆ ಬೇಸರ ಬರಬೇಕಿತ್ತು. ಏಕೋ ಬಂದಿರಲಿಲ್ಲ.

ಅವರು ಈ ಕಡೆ ಬರುವ ಮುಂಚೆ ಇಪ್ಪತ್ತೆಂಟು ವರ್ಷ ಹಳೇ ಮದ್ರಾಸು ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಇನ್‌ಸ್ಪೆಕ್ಟರ್ ಎಂದರೆ ಲಾಠಿಯವರಲ್ಲ, ತಯಾರಾದ ಮಾಲನ್ನು ಪರೀಕ್ಷಿಸುವವರು. ಸರಿಯಿದ್ದ ಬ್ಯಾಚಿಗೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದರೆ ಆ ಬ್ಯಾಚು ಮಾಡಿದ ಕೈಗೆ ಮೆಮೊ ಹೋಗುತ್ತಿತ್ತು. ಚಲುವಯ್ಯನವರದು ಅಲ್ಲೂ ಒಂದು ಪದ್ಧತಿ. ಕೆಟ್ಟ ಪೀಸು ಸಿಕ್ಕರೆ ಚೀಟಿ ಕಟ್ಟುವ ಮುಂಚೆ ಅದನ್ನು ಜೇಬಿಗೆ ಹಾಕಿಕೊಂಡು, ಮಾಡಿದವರ ಬೆಂಚಿನ ತನಕ ನಡೆದುಕೊಂಡು ಹೋಗಿ, ಒಬ್ಬರಿಗೇ ತೋರಿಸಿ, “ಇದು ಏನಾಗಿದೆ ಹೇಳಿ” ಎಂದು ಕೇಳುತ್ತಿದ್ದರು. ಬೇರೆ ಇನ್‌ಸ್ಪೆಕ್ಟರುಗಳು ನಗುತ್ತಿದ್ದರು. ಹಾಗೇಕೆ ನಡೆಯುತ್ತೀರೆಂದು ಕೇಳಿದವರಿಗೆ ಚಲುವಯ್ಯನವರು ಕಾರಣ ಹೇಳಿದವರಲ್ಲ. ಹೆಂಡತಿ ಜಲಜಾಗೂ ಹೇಳಿರಲಿಲ್ಲ.

ಸ್ವಯಂ ನಿವೃತ್ತಿ ತೆಗೆದುಕೊಂಡು ಕಾರ್ಡು ಕಚೇರಿಗೆ ಬಂದರೂ ಆ ಪದ್ಧತಿ ಬಿಡಲಿಲ್ಲ. ತಕರಾರು ಸುಳ್ಳೆಂದು ಗೊತ್ತಾದರೆ, ಕಾಗದ ಕಳಿಸುವ ಮುಂಚೆ ಬಸ್ಸು ಹತ್ತಿ ಹೋಗಿ ಮುಖ ನೋಡಿ ಬರುತ್ತಿದ್ದರು. ಬ್ಯಾಂಕಿನ ನಿಯಮದಲ್ಲಿ ಖುದ್ದು ವಿಚಾರಣೆಗೆ ಅವಕಾಶವಿತ್ತು, ಆದರೆ ಅದನ್ನು ಬಳಸುವಷ್ಟು ಬಿಡುವು ಇವರೊಬ್ಬರಿಗೇ ಇತ್ತು.

ಜಿಯಾವುಲ್ಲಾನ ಫೈಲು ಬಂದದ್ದು ಜುಲೈ ತಿಂಗಳಲ್ಲಿ. ಶಿವಾಜಿನಗರದಲ್ಲಿ ಚಪ್ಪಲಿ ಹೊಲಿಯುವವರಿಗೆ ಅಟ್ಟೆ, ರಬ್ಬರ್ ಶೀಟು, ಅಂಟು, ಮೊಳೆ ಮಾರುವ ಅಂಗಡಿ ಅವನದು. ಎರಡು ತಿಂಗಳಲ್ಲಿ ಹನ್ನೊಂದು ಸಲ ಅವನ ಕಾರ್ಡಿನಿಂದ ಒಂದು ಕುದುರೆ ಜೂಜಿನ ಸೈಟಿಗೆ ದುಡ್ಡು ಹೋಗಿತ್ತು, ಒಟ್ಟು ಎಂಬತ್ತಾರು ಸಾವಿರ ರೂಪಾಯಿ. ತಾನು ಆಡಿಲ್ಲವೆಂದು ಪ್ರಮಾಣ ಮಾಡಿ ಬರೆದುಕೊಟ್ಟಿದ್ದ. ಕೆಳಗೆ ಇನ್ನೊಂದು ಸಾಲಿತ್ತು: ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕೆಲಸಕ್ಕಿದ್ದ ಅಕ್ತರ್ ಎಂಬುವನ ಮೇಲೆ ಅನುಮಾನವಿದೆ, ಅವನನ್ನು ಕೆಲಸದಿಂದ ತೆಗೆದಿದ್ದೇನೆ, ಬ್ಯಾಂಕು ಹೇಳಿದರೆ ಪೊಲೀಸಿಗೂ ಕೊಡುತ್ತೇನೆ.

ಸೈಟಿನ ಪರವಾಗಿ ದುಡ್ಡು ವಸೂಲಿ ಮಾಡುವ ಹೊರದೇಶದ ಪೇಮೆಂಟ್ ಕಂಪನಿ ಸುಮ್ಮನೆ ಕೂರಲಿಲ್ಲ. ಆಡಿದವನು ಹೆಸರು ನೋಂದಾಯಿಸುವಾಗ ತುಂಬಿದ ವಿವರವನ್ನೆಲ್ಲ ಮುದ್ರಿಸಿ ಕಳಿಸಿತು. ಹೆಸರು ಜಿಯಾವುಲ್ಲಾ, ವಿಳಾಸ ಅದೇ. ಹುಟ್ಟಿದ ತಾರೀಖು ಮಾತ್ರ ಸಾವಿರದ ಒಂಬೈನೂರ ಮೂವತ್ತರ ಜುಲೈ ಒಂದು. ಬ್ಯಾಂಕಿನ ದಾಖಲೆಯಲ್ಲಿ ಜಿಯಾವುಲ್ಲಾ ಹುಟ್ಟಿದ್ದು ಅರವತ್ತೊಂದರಲ್ಲಿ. ಪಾಸ್‌ವರ್ಡು ಮರೆತರೆ ಕೇಳಲೆಂದು ಒಂದು ಗುಟ್ಟಿನ ಪ್ರಶ್ನೆಯೂ ಇತ್ತು: ನೀವು ಸಾಕಿದ ಮೊದಲ ಪ್ರಾಣಿಯ ಹೆಸರೇನು? ಉತ್ತರ: ಶಬನಮ್. ಹನ್ನೊಂದು ಸಲವೂ ಆಟ ನಡೆದದ್ದು ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ.

“ಮನೆಯವರೇ ಯಾರೋ ಆಡಿದಾರೆ ಅಂಕಲ್,” ಎಂದ ಭಾರ್ಗವ್. “ತಕರಾರು ರಿಜೆಕ್ಟ್ ಮಾಡಿ, ಈ ಪೇಪರ್ಸ್ ಜೊತೆಗಿಟ್ಟು ಲೆಟರ್ ಕಳ್ಸಿ. ಸೋಮವಾರ ಡೆಡ್‌ಲೈನ್.”

“ಸೋಮವಾರ ಕಳಿಸ್ತೀನಿ ಸಾರ್. ಅಲ್ಲೀವರೆಗೂ ನನ್ನತ್ರ ಇರ್ಲಿ.”

ಮಂಗಳವಾರ ಮಧ್ಯಾಹ್ನ ಅವರು ಶಿವಾಜಿನಗರದಲ್ಲಿ ಬಸ್ಸಿಳಿದು, ಕೇಳಿಕೊಂಡು ಅಂಗಡಿ ಹುಡುಕಿದರು. ಕೆಳಗೆ ಅಂಗಡಿ, ಮೇಲೆ ಮನೆ. ಬಾಗಿಲ ಮೇಲೆ ತುಕ್ಕು ಹಿಡಿದ ಲಾಳವೊಂದನ್ನು ಹೊಡೆದಿದ್ದರು. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಬಿಳಿ ಗಡ್ಡದ ಮುದುಕರೊಬ್ಬರು ಕೂತಿದ್ದರು. ಜಿಯಾವುಲ್ಲಾನ ತಂದೆ, ಲತೀಫ್ ಸಾಬರು. ಬ್ಯಾಂಕಿನವರು ಎಂದ ಕೂಡಲೇ ಜಿಯಾವುಲ್ಲಾ ಕುರ್ಚಿ ಹಾಕಿಸಿ, ಒಂದೇ ಉಸಿರಿನಲ್ಲಿ ಅಕ್ತರನ ಕಥೆ ಶುರುಮಾಡಿದ.

“ನಮ್ಮ ತಮ್ಮನ ಥರಾ ಇಟ್ಕೊಂಡಿದ್ದೆ ಸಾರ್ ಅವನ್ನ. ಕಾರ್ಡ್ ಬಿಲ್ ಕಟ್ಟಕ್ಕೆ ಬ್ಯಾಂಕಿಗೆ ಅವನೇ ಹೋಗ್ತಿದ್ದ, ನಂಬರ್ ಗೊತ್ತಿತ್ತು. ಭಾನುವಾರ ರೇಸ್ ಆಡೋ ಚಟ ಬೇರೆ ಇತ್ತು, ಬೀದಿಗೆಲ್ಲಾ ಗೊತ್ತು. ಕಾರ್ಡ್ ಬಿಲ್ ಬಂದಾಗ ಗಲ್ಲಾ ಎಣಿಸಿದ್ರೆ ಬಿಲ್ ಬುಕ್ಕಿಗಿಂತ ಹತ್ತೊಂಬತ್ತು ನೂರು ಜಾಸ್ತಿ ಇದೆ! ಕದ್ದವನೇ ಹೆದ್ರಿ ಸ್ವಲ್ಪ ವಾಪಸ್ ಇಟ್ಟಿದಾನೆ. ಕೇಳಿದ್ರೆ ಖುರಾನ್ ಮೇಲೆ ಕೈ ಇಡ್ತೀನಿ ಅಂತಾನೆ.”

“ಯಾವಾಗ ಬಿಡಿಸಿದ್ರಿ?”

“ಮೂರು ವಾರ ಆಯ್ತು. ಈ ಬೀದೀಲಿ ಯಾರೂ ಕೆಲಸ ಕೊಟ್ಟಿಲ್ಲ ಅವನಿಗೆ. ಕೊಡ್ತಾರಾ? ನನ್ನ ಅಂಗಡೀಲೇ ಕದ್ದವನು!”

ಚಲುವಯ್ಯನವರು ಟೀ ಕುಡಿದು ಮುಗಿಸಿ, ಹೊರಡುವವರಂತೆ ಎದ್ದು ನಿಂತು, ಸುಮ್ಮನೆ ಕೇಳಿದರು: “ಮನೇಲಿ ಯಾವಾಗಾದ್ರೂ ಪ್ರಾಣಿಗೀಣಿ ಸಾಕಿದ್ರಾ?”

ಜಿಯಾವುಲ್ಲಾ ಇದೆಂಥ ಪ್ರಶ್ನೆ ಎಂಬಂತೆ ನೋಡಿದ. “ಬೆಕ್ಕೂ ಇಲ್ಲ ಸಾರ್. ಅಬ್ಬಾ ಕುದುರೆಗೆ ಲಾಳ ಹೊಡೀತಿದ್ರು, ಜಟಕಾಗೂ ಹೊಡೀತಿದ್ರು, ರೇಸ್ ಕುದುರೆಗೂ. ನಲವತ್ತು ವರ್ಷ ರೇಸ್ ಕುದುರೆ ಕಾಲು ಹಿಡ್ಕೊಂಡು ಒಂದು ಪೈಸೆ ಬಾಜಿ ಕಟ್ಟದವರು ಅಂದ್ರೆ ಇಡೀ ಶಿವಾಜಿನಗರದಲ್ಲಿ ಇವರೊಬ್ಬರೇ. ಯಾರನ್ನ ಬೇಕಾದ್ರೂ ಕೇಳಿ.”

ಸ್ಟೂಲಿನ ಮೇಲಿದ್ದ ಲತೀಫ್ ಸಾಬರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ತಸ್ಬಿಯ ಜಪಮಣಿ ಎಣಿಸುವುದು ನಿಂತುಹೋಗಿತ್ತು. ಇಪ್ಪತ್ತೆಂಟು ವರ್ಷ ಪೀಸು ನೋಡಿದ ಕಣ್ಣಿಗೆ ಅಷ್ಟು ಸಾಕಾಯಿತು.

ಪತ್ರ ಸೋಮವಾರ ಹೋಗಿಯೇ ಹೋಗುತ್ತದೆ. ಜೊತೆಗೆ ಮೂವತ್ತರ ಆ ಹುಟ್ಟಿದ ತಾರೀಖೂ ಶಬನಮ್ ಎಂಬ ಹೆಸರೂ ಹೋಗುತ್ತವೆ. ಜಿಯಾವುಲ್ಲಾ ಅದನ್ನು ಓದಿ ತಂದೆಯ ಮುಖ ನೋಡುತ್ತಾನೆ. ಮನೆಯ ಮರ್ಯಾದೆ ಮುಚ್ಚಿಟ್ಟು ದುಡ್ಡು ಕಟ್ಟಿ ಸುಮ್ಮನಾಗಿಬಿಡುತ್ತಾನೆ. ಹೊರಗಿನವರಿಗೆ ಅಕ್ತರ್ ಕಳ್ಳನಾಗಿಯೇ ಉಳಿಯುತ್ತಾನೆ. ಚಲುವಯ್ಯನವರಿಗೆ ಇದು ಬಸ್ಸಿನಲ್ಲಿ ಕೂತಾಗ ಕನ್ನಡಿಯಷ್ಟು ಸ್ಪಷ್ಟವಾಗಿ ಕಂಡಿತು. ಎಂಬತ್ತಾರು ಸಾವಿರದ ಚಿಂತೆ ಅವರಿಗೆ ಇರಲಿಲ್ಲ, ಅದು ಹೇಗೂ ಕಟ್ಟುವವರು ಕಟ್ಟುತ್ತಾರೆ. ಹೋಗಿದ್ದು ಹದಿನೆಂಟು ವರ್ಷ ದುಡಿದವನ ಹೆಸರು. ಅದನ್ನು ವಾಪಸು ಕೊಡುವ ಶಕ್ತಿ ಇದ್ದದ್ದು ಆ ಸ್ಟೂಲಿನ ಮೇಲೆ ಕೂತ ಮುದುಕರೊಬ್ಬರಿಗೇ, ಅದೂ ಪತ್ರ ಬರುವ ಮುಂಚೆ.

ಗುರುವಾರ ಸಂಜೆಯ ನಮಾಜು ಮುಗಿಸಿ ಲತೀಫ್ ಸಾಬರು ಮಸೀದಿಯಿಂದ ಹೊರಗೆ ಬಂದಾಗ ಎದುರುಗಡೆ ಚಲುವಯ್ಯನವರು ಕೊಡೆ ಹಿಡಿದು ನಿಂತಿದ್ದರು. ಮುದುಕರು ಚಪ್ಪಲಿಯೊಳಗೆ ಕಾಲು ತೂರಿಸುತ್ತ ಅವರನ್ನು ಕಂಡರು. ಓಡಿಹೋಗುವ ವಯಸ್ಸಲ್ಲ. ಇಬ್ಬರೂ ಪಕ್ಕದ ಟೀ ಹೋಟೆಲಿನ ಮೂಲೆಯ ಟೇಬಲ್ಲಿಗೆ ಹೋಗಿ ಕೂತರು. ಚಲುವಯ್ಯನವರು ಜೇಬಿನಿಂದ ಮಡಿಸಿದ ಹಾಳೆ ತೆಗೆದು ಅವರ ಮುಂದಿಟ್ಟರು.

“ಶಬನಮ್ ಯಾರು ಸಾಬ್ರೇ?”

ಲತೀಫ್ ಸಾಬರಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಓದಲು ಕಲಿತದ್ದು ಶಾಲೆಯಲ್ಲಲ್ಲ, ಲಾಯದಲ್ಲಿ ಬಿದ್ದಿರುತ್ತಿದ್ದ ರೇಸ್ ಪುಸ್ತಕಗಳಲ್ಲಿ. ಹಾಳೆಯ ಮೇಲೆ ಬೆರಳಿಟ್ಟು ನೋಡಿದರು.

“ನಮ್ಮಪ್ಪನ ಜಟಕಾ ಕುದುರೆ. ಬಿಳೀದು. ನಾನು ಮೊದಲು ಲಾಳ ಹೊಡೆದಿದ್ದು ಅದರ ಕಾಲಿಗೆ. ಹನ್ನೊಂದು ವರ್ಷ ನಂಗೆ ಆವಾಗ.”

ಆಮೇಲೆ ತಾವಾಗಿಯೇ ಹೇಳುತ್ತ ಹೋದರು. ಮೊಮ್ಮಗಳು ನಾಜಿಶ್ ಕಾಲೇಜಿಗೆಂದು ಕೊಂಡ ಕಂಪ್ಯೂಟರು ಇವರ ಕೋಣೆಯಲ್ಲೇ ಇತ್ತು, ಫೋನಿನ ವೈರು ಅಲ್ಲಿಗೇ ಬರುತ್ತಿತ್ತಲ್ಲ. ಅಜ್ಮೀರಿಗೆ ರೈಲು ಟಿಕೀಟು ಮಾಡುವಾಗ ಅವಳು ಅಪ್ಪನ ಕಾರ್ಡಿನ ನಂಬರು ಒತ್ತಿದ್ದನ್ನು ನೋಡಿದ್ದರು. ನಂಬರನ್ನು ಅವಳು ಒಂದು ಚೀಟಿಯಲ್ಲಿ ಬರೆದು ಮೇಜಿನ ಖಾನೆಗೆ ಹಾಕಿದ್ದಳು. ಒಂದು ಮಧ್ಯಾಹ್ನ ಉರ್ದು ಪತ್ರಿಕೆ ಓದುತ್ತಿದ್ದಾಗ ಪಕ್ಕದಲ್ಲಿ ಕುದುರೆಗಳು ಓಡುವ ಚಿತ್ರ ಬಂತು. ಒತ್ತಿದರು. ಒಂದು ಬಿಳಿ ಕುದುರೆಯಿತ್ತು, ನಾಲ್ಕನೆಯ ನಂಬರು. ಅದರ ಮೇಲೆ ಕಟ್ಟಲು ಮಗನ ಹೆಸರು, ಚೀಟಿಯಲ್ಲಿದ್ದ ಕಾರ್ಡಿನ ನಂಬರು ತುಂಬಿದರು.

“ಜಟಕಾ ಹೋಯ್ತು, ಕುದುರೆ ಹೋಯ್ತು ಸಾಬ್. ಹತ್ತು ವರ್ಷದಿಂದ ಒಂದು ಕುದುರೆ ಕಾಲು ಮುಟ್ಟಿಲ್ಲ ನಾನು. ಅಲ್ಲಿ ಓಡ್ತಾ ಇತ್ತು. ನೋಡ್ತಾ ಇದ್ದೆ. ನೂರೈವತ್ತು ಅಂತ ಇದ್ರೆ ನೂರೈವತ್ತು ರೂಪಾಯಿ ಅಂದ್ಕೊಂಡೆ. ಡಾಲರ್ ಅಂತ ಗೊತ್ತಾಗ್ಲಿಲ್ಲ. ಎಲ್ಲಾ ಸೇರಿ ಹತ್ತೊಂಬತ್ತು ನೂರು ಆಯ್ತು. ನನ್ನ ದುಡ್ಡು ಇತ್ತಲ್ಲ, ಈದಿಗೆ ಅಂತ ಇಟ್ಟಿದ್ದು, ತಂದು ಗಲ್ಲಾಕ್ಕೆ ಹಾಕ್ಬಿಟ್ಟೆ. ಮುಗೀತು ಅಂದ್ಕೊಂಡೆ.”

ಮುದುಕರು ತಂದು ಹಾಕಿದ ಆ ಪ್ರಾಮಾಣಿಕ ಹತ್ತೊಂಬತ್ತು ನೂರೇ ಅಕ್ತರನ ಕೊರಳಿಗೆ ಬಿದ್ದಿತ್ತು. ಚಲುವಯ್ಯನವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಆದರೂ ಬಿಡಲಿಲ್ಲ.

“ಎಂಬತ್ತಾರು ಸಾವಿರ ಅಂತ ಮಗ ಕೂಗಾಡಿದಾಗ ಗೊತ್ತಾಯ್ತಲ್ಲ?”

“ಗೊತ್ತಾಯ್ತು.”

“ಅಕ್ತರನ್ನ ಕಳಿಸಿದಾಗ?”

“ಅಲ್ಲೇ ಕೂತಿದ್ದೆ.” ಲತೀಫ್ ಸಾಬರು ಗಡ್ಡ ಸವರಿಕೊಂಡರು. “ಒಂದು ಪೈಸೆ ಕಟ್ಟದ ಲತೀಫ್ ಅಂತಾರೆ ನನ್ನ. ಅದೊಂದೇ ಇರೋದು ಸಾಬ್ ನಂದು ಅಂತ. ಬಾಯಿ ಬರ್ಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ.”

ಟೀ ಆರಿಹೋಗಿತ್ತು. ಚಲುವಯ್ಯನವರು ಯಾರಿಗೂ ಹೇಳದಿದ್ದದ್ದನ್ನು ಗುರುತು ಪರಿಚಯವಿಲ್ಲದ ಈ ಮನುಷ್ಯರಿಗೆ ಹೇಳಿದರು. ಎಂಬತ್ತಾರನೆಯ ಇಸವಿಯಲ್ಲಿ ಕಾರ್ಖಾನೆಯಲ್ಲಿ ತಂತಿಯ ಕಾಯಿಲ್ ಸುತ್ತುವ ವಿಭಾಗದಲ್ಲಿ ಅಣ್ಣಮ್ಮ ಎಂಬ ಹೆಂಗಸಿದ್ದಳು. ಅವಳ ಬ್ಯಾಚಿಗೆ ಇವರು ಕೂತಲ್ಲೇ ಕೆಂಪು ಚೀಟಿ ಕಟ್ಟಿದರು. ಅವಳಿಗೆ ಎರಡು ಇನ್‌ಕ್ರಿಮೆಂಟ್ ನಿಂತಿತು, ಪ್ಯಾಕಿಂಗಿಗೆ ಹಾಕಿದರು. ತಿಂಗಳಾದ ಮೇಲೆ ಗೊತ್ತಾಯಿತು, ಕೆಟ್ಟಿದ್ದು ತಂತಿ, ಅವಳ ಕೈಯಲ್ಲ. ಫೋರ್‌ಮನ್, ಕಾಗದ ಮೇಲೆ ಹೋಗಿದೆ, ಈಗ ಕೆದಕಬೇಡಿ ಎಂದರು. ಇವರು ಕೆದಕಲಿಲ್ಲ.

“ಅವತ್ತಿಂದ ಚೀಟಿ ಕಟ್ಟೋ ಮುಂಚೆ ಎಲ್ಲರ ಹತ್ರಾನೂ ನಡ್ಕೊಂಡು ಹೋಗ್ತೀನಿ ಸಾಬ್ರೇ. ಈ ಕಾಗದ ಸೋಮವಾರ ನಿಮ್ಮ ಮಗನ ಕೈಗೆ ಹೋಗುತ್ತೆ. ಅದಕ್ಕೆ ಮುಂಚೆ ನೀವೇ ಹೇಳಿಬಿಡಿ. ಕಾಗದ ಹೇಳಿದ್ರೆ ಅಕ್ತರ್‌ಗೆ ಏನೂ ಸಿಗಲ್ಲ.”

ಲತೀಫ್ ಸಾಬರು ಇವರ ಮುಖವನ್ನೇ ನೋಡಿದರು. ಕುದುರೆಯ ಗೊರಸು ಎತ್ತಿ ಎಲ್ಲಿ ನೋವೆಂದು ನೋಡುವ ಅಭ್ಯಾಸದ ಕಣ್ಣು.

“ಎಲ್ಲರ ಹತ್ರಾನೂ ಹೋದ್ರಿ. ಆ ಹೆಣ್ಣುಮಗಳ ಹತ್ರ ಹೋದ್ರಾ?”

ಹದಿನೆಂಟು ವರ್ಷದಲ್ಲಿ ಚಲುವಯ್ಯನವರು ನಡೆಯದೆ ಬಿಟ್ಟ ಬೆಂಚು ಅದೊಂದೇ. ಅವಳೂ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದಳು. ವರ್ಷಕ್ಕೊಮ್ಮೆ ಹಳೆಯ ನೌಕರರ ಸಭೆಯಲ್ಲಿ ಕಾಣುತ್ತಿದ್ದಳು, “ಚೆನ್ನಾಗಿದೀರಾ ಸಾರ್” ಎನ್ನುತ್ತಿದ್ದಳು, ಇವರು ತಲೆಯಾಡಿಸಿ ಊಟದ ಸಾಲಿಗೆ ಹೋಗುತ್ತಿದ್ದರು.

“ಇಲ್ಲ,” ಎಂದರು.

“ಹ್ಞೂಂ,” ಎಂದು ಲತೀಫ್ ಸಾಬರು ಎದ್ದು, ತಡೆದರೂ ಕೇಳದೆ ಇಬ್ಬರ ಟೀ ದುಡ್ಡನ್ನೂ ತಾವೇ ಕೊಟ್ಟು ಹೋದರು.

ಶುಕ್ರವಾರ, ಶನಿವಾರ ಚಲುವಯ್ಯನವರಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಭಾನುವಾರ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಸುಮ್ಮನೆ ಉಂಡರು. ಮೈಗೆ ಹುಷಾರಿಲ್ಲವೇ ಎಂದು ಜಲಜಾ ಹಣೆ ಮುಟ್ಟಿ ನೋಡಿದಳು.

ಸೋಮವಾರ ಹತ್ತು ಗಂಟೆಗೆ, ಅವರು ಪತ್ರವನ್ನು ಕವರಿಗೆ ಹಾಕುವ ಹೊತ್ತಿಗೆ, ಜಿಯಾವುಲ್ಲಾ ಖುದ್ದಾಗಿ ಬಂದ. ಎದುರಿಗೆ ಕೂತು, ತಕರಾರು ಹಿಂದಕ್ಕೆ ತೆಗೆದುಕೊಳ್ಳುವ ಅರ್ಜಿ ಕೇಳಿ ಇಸಿದುಕೊಂಡು ಸಹಿ ಹಾಕಿದ. ಮಂಗಳವಾರದ ಗತ್ತು ಇರಲಿಲ್ಲ.

“ಶುಕ್ರವಾರ ಜುಮ್ಮಾ ನಮಾಜ್ ಮುಗೀತು ಸಾರ್. ಜನ ಎಲ್ಲಾ ಚಪ್ಪಲಿ ಹಾಕೋತಾ ಇದಾರೆ. ಅಬ್ಬಾ ಮಸೀದಿ ಮೆಟ್ಟಲ ಮೇಲೆ ನಿಂತ್ಕೊಂಡು ಹೇಳ್ಬಿಟ್ರು. ಆಡಿದ್ದು ನಾನು, ಅಕ್ತರ್ ಅಲ್ಲ, ನಾನು ಬಾಯಿ ಮುಚ್ಕೊಂಡಿದ್ದೆ ಅಂತ. ಅಷ್ಟು ಜನದ ಮುಂದೆ. ನಂಗಾದ್ರೂ ಮೊದಲು ಮನೇಲಿ ಹೇಳ್ಬಾರ್ದಿತ್ತಾ? ಕೇಳಿದ್ರೆ, ನಿಂಗೆ ಹೇಳಿದ್ರೆ ನೀನು ಮುಚ್ಚಿಹಾಕ್ತಿದ್ದೆ ಅಂದ್ರು.”

“ಹಾಕ್ತಿರ್ಲಿಲ್ವಾ?”

ಜಿಯಾವುಲ್ಲಾ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. “ಹಾಕ್ತಿದ್ದೆ ಸಾರ್.”

“ಅಕ್ತರ್?”

“ಟ್ಯಾನರಿ ರಸ್ತೇಲಿ ಅವನ ಮನೆಗೆ ಅಬ್ಬಾನೇ ನಡ್ಕೊಂಡು ಹೋಗಿ ಕರ್ಕೊಂಡು ಬಂದ್ರು. ಇವತ್ತು ಕೆಲಸಕ್ಕೆ ಬಂದಿದಾನೆ. ಶೀಟ್ ಕತ್ತರಿಸ್ತೀನಿ, ಗಲ್ಲಾ ಮಾತ್ರ ಮುಟ್ಟಲ್ಲ ಅಂತಾನೆ. ಎಷ್ಟು ಹೇಳಿದ್ರೂ ಕೇಳ್ತಿಲ್ಲ.” ಅವನು ಅರ್ಜಿಯನ್ನು ಇವರ ಕಡೆ ಸರಿಸಿದ. “ಬೀದೀಲಿ ಈಗ ಅಬ್ಬಾನ್ನ ನೋಡಿ ಹುಡುಗರು ನಗ್ತಾರೆ. ಅವರು ಮಾತ್ರ ಸ್ಟೂಲ್ ಮೇಲೆ ಆರಾಮಾಗಿ ಕೂತಿದಾರೆ. ನಿಮಗೊಂದು ಮಾತು ಕೇಳು ಅಂದ್ರು. ಹೋದ್ರಾ ಅಂತ. ಎಲ್ಲಿಗೆ ಸಾರ್?”

“ಇನ್ನೂ ಇಲ್ಲ ಅಂತ ಹೇಳಿ,” ಎಂದರು ಚಲುವಯ್ಯನವರು.

ಭಾರ್ಗವ್ ಗಾಜಿನ ಕೋಣೆಯಿಂದ ಬಂದು ಅರ್ಜಿ ನೋಡಿ, “ಕಸ್ಟಮರೇ ವಿತ್‌ಡ್ರಾ ಮಾಡಿದ್ನಾ? ಹೆಂಗ್ ಅಂಕಲ್ ಮಾಡ್ತೀರಾ ನೀವು!” ಎಂದು ಬೆನ್ನು ತಟ್ಟಿದ. ಆ ಹೊಗಳಿಕೆ ಅವತ್ತು ಅವರಿಗೆ ಮುಳ್ಳಿನ ಹಾಗೆ ಚುಚ್ಚಿತು. ಮಧ್ಯಾಹ್ನ ಅರ್ಧ ದಿನದ ರಜೆ ಬರೆದುಕೊಟ್ಟರು.

ಹೊರಮಾವಿನಲ್ಲಿ ಆಗಿನ್ನೂ ಅಪಾರ್ಟ್‌ಮೆಂಟುಗಳ ನಡುವೆ ಹೂಕೋಸಿನ ತೋಟಗಳಿದ್ದವು. ಅಣ್ಣಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹಳೆಯ ನೌಕರರ ಪಟ್ಟಿಯಲ್ಲಿ ವಿಳಾಸವಿತ್ತು. ಹದಿನೆಂಟು ವರ್ಷವೂ ಎಲ್ಲೋ ಒಂದು ಪಟ್ಟಿಯಲ್ಲಿ ಇದ್ದೇ ಇತ್ತು. ಅವಳು ಜಗುಲಿಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂದಲು ಪೂರ್ತಿ ನರೆತಿತ್ತು.

“ಅಯ್ಯೋ, ಚಲುವಯ್ಯ ಸಾರ್! ಏನ್ ಸಾರ್ ಇಷ್ಟು ದೂರ? ಬನ್ನಿ, ಕೂತ್ಕೊಳಿ.”

ಅವರು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಎತ್ತಲೋ ಹೋಗುತ್ತದೆ ಎಂಬುದು ಗೊತ್ತಿತ್ತು.

“ಅಣ್ಣಮ್ಮನವರೇ, ಎಂಬತ್ತಾರರಲ್ಲಿ ನಿಮ್ಮ ಒಂದು ಬ್ಯಾಚಿಗೆ ಕೆಂಪು ಚೀಟಿ ಕಟ್ಟಿದ್ದೆ ನಾನು.”

ಅವಳ ಕೈ ಮೊರದ ಮೇಲೆ ನಿಂತಿತು. “ಬ್ಯಾಚ್ ನಂಬರ್ ನೆನಪಿದ್ಯಾ ಸಾರ್?”

“ನಲವತ್ತೊಂದು ಎಪ್ಪತ್ತೆರಡು.”

“ನಂಗೂ ನೆನಪಿದೆ,” ಎಂದಳು ಅಣ್ಣಮ್ಮ.

“ತಪ್ಪು ನಿಮ್ಮದಲ್ಲ. ತಂತಿ ಕೆಟ್ಟಿತ್ತು. ಒಂದು ತಿಂಗಳಿಗೇ ನಂಗೆ ಗೊತ್ತಾಯ್ತು. ಹೇಳಲಿಲ್ಲ.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಸೀರೆಗೆ ಕೈ ಒರೆಸಿಕೊಂಡು ಎದ್ದು, ಒಳಗೆ ತಿರುಗಿ ಕೂಗಿದಳು: “ಮಧುರಾ! ಬಾರೇ ಇಲ್ಲಿ. ನಿಮ್ಮಪ್ಪನ್ನೂ ಕರ್ಕೊಂಡು ಬಾ.”

ಮಗಳು ಬಂದಳು. ಹಿಂದೆ ಕೋಲೂರಿಕೊಂಡು ಗಂಡನೂ ಬಂದ. ಅಣ್ಣಮ್ಮ ಅವರಿಬ್ಬರನ್ನೂ ಎದುರಿಗೆ ನಿಲ್ಲಿಸಿ, ಚಲುವಯ್ಯನವರ ಕಡೆ ತಿರುಗಿದಳು.

“ಕೈ ನೆಟ್ಟಗಿಲ್ಲ, ಅದಕ್ಕೇ ಪ್ಯಾಕಿಂಗಿಗೆ ಹಾಕಿದ್ರು ಅಂತ ಈ ಮನೇಲಿ ಇವತ್ತಿಗೂ ಅಂತಾರೆ ಸಾರ್. ಇವರ ಮುಂದೆ ಇನ್ನೊಂದ್ಸಲ ಹೇಳಿ.”

ಚಲುವಯ್ಯನವರು ಕೊಡೆಯನ್ನು ಗೋಡೆಗೆ ಒರಗಿಸಿ, ನೆಟ್ಟಗೆ ನಿಂತು, ಬ್ಯಾಚಿನ ನಂಬರಿನಿಂದ ಶುರುಮಾಡಿ ಇನ್ನೊಂದು ಸಲ ಹೇಳಿದರು.